ಎಲೆಯೇ ನೆಲವಾದ ಹಕ್ಕಿ

ಜಕಾನ ಕೆರೆಯ ಹಕ್ಕಿ. ಹಾಗೆಂದು ಬಾತಿನಂತೆ ಈಜಿಕೊಂಡು ಬದುಕುವುದಿಲ್ಲ, ಕೊಕ್ಕರೆಯಂತೆ ದಡದ ಕೆಸರಿನಲ್ಲಿ ಒಂಟಿಕಾಲಲ್ಲಿ ಕಾಯುವುದೂ ಇಲ್ಲ. ದಡಕ್ಕೂ ಆಳದ ನೀರಿಗೂ ನಡುವೆ ತಾವರೆ, ನೈದಿಲೆ, ಸಿಂಘಾರದ ಎಲೆಗಳು ಹಾಸಿಕೊಂಡಿರುವ ತೇಲುವ ಪಟ್ಟಿಯೇ ಅದರ ಹೊಲ, ಅಂಗಳ, ಬಾಣಂತಿ ಕೋಣೆ. ಅಲ್ಲೇ ಮೇಯುತ್ತದೆ, ಅಲ್ಲೇ ಜಗಳವಾಡುತ್ತದೆ, ಅಲ್ಲೇ ಮೊಟ್ಟೆಯಿಡುತ್ತದೆ. ನೆಲಕ್ಕೆ ಬರಲೇಬೇಕಾದ ಅಗತ್ಯ ಅದಕ್ಕೆ ಅಪರೂಪ. ಎಲೆ ಎಂಬುದು ಗಾಳಿಗೆ ಸರಿಯುವ, ಮಳೆಗೆ ಮುಳುಗುವ, ಬೇಸಿಗೆಗೆ ಒಣಗುವ ನೆಲ. ಅಂಥ ನೆಲವನ್ನು ನಂಬಿ ಬದುಕಬೇಕಾದರೆ ಪಾದ ಹೇಗಿರಬೇಕು, ಮೊಟ್ಟೆ ಹೇಗಿರಬೇಕು, ಗಂಡ ಹೆಂಡಿರ ಕೆಲಸದ ಹಂಚಿಕೆ ಹೇಗಿರಬೇಕು ಎಂಬ ಪ್ರಶ್ನೆಗಳಿಗೆಲ್ಲ ಈ ಹಕ್ಕಿ ತನ್ನದೇ ಉತ್ತರ ಕಂಡುಕೊಂಡಿದೆ.

ಕನ್ನಡದ ಪಕ್ಷಿವೀಕ್ಷಕರು ಇದನ್ನು ದೇವನಕ್ಕಿ ಎನ್ನುತ್ತಾರೆ. ಜಕಾನ ಎಂಬ ಹೆಸರು ಬ್ರೆಜಿಲ್‌ನ ಮೂಲನಿವಾಸಿಗಳ ತುಪಿ ಭಾಷೆಯದು. ಪೋರ್ಚುಗೀಸರ ಬಾಯಲ್ಲಿ ಅದು ಜಸನಾ ಆಯಿತು, ಬರವಣಿಗೆಯಲ್ಲಿ ‘ಸ’ಕಾರಕ್ಕೆ ಬಳಸುತ್ತಿದ್ದ ಬಾಲವುಳ್ಳ ‘ಸಿ’ ಅಕ್ಷರದ ಬಾಲ ಉದುರಿಹೋಗಿ ಮಿಕ್ಕ ಲೋಕಕ್ಕೆ ಜಕಾನ ಆಯಿತು. ಜಮೈಕಾದಲ್ಲಿ ಇದನ್ನು ಏಸುಹಕ್ಕಿ ಎಂದು ಕರೆದರು. ಗಲಿಲಿ ಸರೋವರದ ಮೇಲೆ ಏಸು ನಡೆದ ಕಥೆ ಅಲ್ಲಿನವರಿಗೆ ಹತ್ತಿರದ್ದು. ಬಂಗಾಳಿಗಳು ಉದ್ದ ಬಾಲದ ಜಕಾನವನ್ನು ಜಲಮಯೂರ ಎನ್ನುತ್ತಾರೆ. ಇವೆಲ್ಲದರಲ್ಲಿ ಬಂಗಾಳಿ ಹೆಸರೇ ಕಣ್ಣಿಟ್ಟು ನೋಡಿ ಇಟ್ಟಂತಿದೆ.

ಜಗತ್ತಿನಲ್ಲಿರುವ ಜಕಾನಗಳು ಎಂಟು ಪ್ರಭೇದ. ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಎರಡು, ಆಫ್ರಿಕ ಖಂಡದಲ್ಲಿ ಎರಡು, ಮಡಗಾಸ್ಕರ್ ದ್ವೀಪದಲ್ಲಿ ಒಂದು, ಇಂಡೋನೇಷ್ಯಾದಿಂದ ಆಸ್ಟ್ರೇಲಿಯದವರೆಗೆ ನೆತ್ತಿಯ ಮೇಲೆ ಕೋಳಿಜುಟ್ಟಿನಂಥ ಕೆಂಪು ತೊಗಲಿರುವ ಒಂದು. ಉಳಿದೆರಡು ಏಷ್ಯಾದವು, ಎರಡೂ ಕರ್ನಾಟಕದ ಕೆರೆಗಳಲ್ಲಿ ಕಾಣಸಿಗುತ್ತವೆ. ಮಡಗಾಸ್ಕರ್‌ನದಂತೂ ತಮಾಷೆಯ ಹಕ್ಕಿ. ಆಫ್ರಿಕದ ಜಕಾನಕ್ಕೆ ಕತ್ತಿನ ಮುಂಭಾಗ ಬಿಳಿ, ಹಿಂಭಾಗ ಕಪ್ಪು. ಸಮುದ್ರ ದಾಟಿದರೆ ಅದೇ ಅಂಗಿಯನ್ನು ಹಿಂದುಮುಂದಾಗಿ ತೊಟ್ಟಂತೆ ಮುಂಭಾಗ ಕಪ್ಪು, ಹಿಂಭಾಗ ಬಿಳಿ.

ನೋಡಲು ಹುಂಡುಕೋಳಿ, ಜಂಬುಕೋಳಿಗಳ ನೆಂಟನಂತಿದ್ದರೂ ಜಕಾನ ಆ ಕುಲಕ್ಕೆ ಸೇರಿದ್ದಲ್ಲ. ಟಿಟ್ಟಿಭ, ಉಲ್ಲಂಕಿ, ಕಡಲಕ್ಕಿಗಳಿರುವ ದೊಡ್ಡ ಗಣದಲ್ಲಿ ಇದಕ್ಕೆ ಜಾಗ. ಆ ಗಣದೊಳಗೂ ಬಣ್ಣದ ಉಲ್ಲಂಕಿಗೆ ಬಹಳ ಹತ್ತಿರ. ಒಂದೇ ಬಗೆಯ ನೀರಿನ ಬಾಳು ಬೇರೆ ಬೇರೆ ಕುಲದ ಹಕ್ಕಿಗಳಿಗೆ ಒಂದೇ ಬಗೆಯ ಮೈಕಟ್ಟು ತಂದುಕೊಟ್ಟಿರುವುದರಿಂದ ಹಿಂದಿನವರು ಮೋಸಹೋದದ್ದರಲ್ಲಿ ಆಶ್ಚರ್ಯವಿಲ್ಲ. ಈ ಬಾಳು ಹೊಸದೂ ಅಲ್ಲ. ಈಜಿಪ್ಟಿನ ಫಯೂಮ್ ತಗ್ಗಿನಲ್ಲಿ, ಈಗ ಮರಳುಗಾಡಾಗಿರುವ ಕಡೆ, 3 ಕೋಟಿ ವರ್ಷಕ್ಕೂ ಹಳೆಯ ಜಕಾನಗಳ ಕಾಲಿನ ಮೂಳೆಗಳು ಸಿಕ್ಕಿವೆ. 1987ರಲ್ಲಿ ಅವನ್ನು ವಿವರಿಸಿದ ವಿಜ್ಞಾನಿಗಳು ಒಂದು ಕುಲಕ್ಕೆ ‘ನೂಫರನಾಸ’ ಎಂದು ಹೆಸರಿಟ್ಟರು. ನೈದಿಲೆಯ ರಾಣಿ ಎಂಬುದು ಅದರ ಅರ್ಥ. ಆ ಕಾಲದಲ್ಲಿ ಫಯೂಮ್ ನದಿ, ಜವುಗು, ಕಾಡುಗಳ ನಾಡಾಗಿತ್ತು.

ಜಕಾನವನ್ನು ಎಲ್ಲ ಹಕ್ಕಿಗಳಿಂದ ಬೇರೆ ಮಾಡುವುದು ಅದರ ಪಾದ. ಮೈ ಪಾರಿವಾಳದ ಆಸುಪಾಸಿನದು. ಬೆರಳುಗಳು ಮಾತ್ರ ಅದಕ್ಕಿಂತ ಬಹು ದೊಡ್ಡ ಹಕ್ಕಿಯಿಂದ ಎರವಲು ತಂದಂತಿವೆ. ಮುಂದೆ ಮೂರು, ಹಿಂದೆ ಒಂದು, ನಾಲ್ಕೂ ತೆಳ್ಳಗೆ ಉದ್ದ. ಒಂದೊಂದರ ತುದಿಗೂ ನೇರವಾದ ಉದ್ದನೆಯ ಉಗುರು. ಹಿಂಬೆರಳಿನ ಉಗುರಂತೂ ಬೆರಳಿಗಿಂತಲೇ ಉದ್ದ. ಹಾರುವಾಗ ಈ ಕಾಲುಗಳನ್ನು ಎಲ್ಲಿ ಮಡಚಿಡಬೇಕೆಂದು ತಿಳಿಯದಂತೆ ಹಿಂದಕ್ಕೆ ಜೋತುಬಿಟ್ಟುಕೊಂಡು ಹೋಗುತ್ತದೆ; ಮೋಟುಬಾಲದ ಪ್ರಭೇದಗಳಲ್ಲಿ ದೂರದಿಂದ ನೋಡಿದವರಿಗೆ ಅದೇ ಬಾಲವೆಂಬ ಭ್ರಮೆ ಹುಟ್ಟುತ್ತದೆ.

ಉದ್ದ ಬೆರಳು ಭಾರವನ್ನು ಹರಡುತ್ತದೆ ಎಂದು ಎಲ್ಲ ಪುಸ್ತಕಗಳೂ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಆ ಸಾಲನ್ನು ಸ್ವಲ್ಪ ಬಿಡಿಸಿ ನೋಡಬೇಕು. 30 ಸೆಂಟಿಮೀಟರ್ ಅಗಲದ ಒಂದು ದುಂಡನೆಯ ಎಲೆಯ ವಿಸ್ತೀರ್ಣ ಸುಮಾರು 700 ಚದರ ಸೆಂಟಿಮೀಟರ್. 150 ಗ್ರಾಂ ತೂಗುವ ಹಕ್ಕಿಯನ್ನು ಹೊರಲು ಎಲೆ 150 ಮಿಲಿಲೀಟರ್ ನೀರನ್ನು ಪಕ್ಕಕ್ಕೆ ಸರಿಸಬೇಕು. ಎಲೆ ತಟ್ಟೆಯಂತೆ ಗಟ್ಟಿಯಾಗಿದ್ದರೆ ಅದು ಎರಡು ಮಿಲಿಮೀಟರ್‌ನಷ್ಟು ತಗ್ಗಿದರೆ ಸಾಕು. ಅಂದರೆ ಹಕ್ಕಿಯನ್ನು ಹೊರುವ ಶಕ್ತಿ ಎಲೆಗೆ ಧಾರಾಳವಾಗಿ ಇದೆ. ಆದರೆ ಎಲೆ ತಟ್ಟೆಯಲ್ಲ, ಬಟ್ಟೆ. ಭಾರವೆಲ್ಲ ಒಂದೇ ಬಿಂದುವಿನ ಮೇಲೆ ಬಿದ್ದರೆ ಅಲ್ಲಿ ಕುಳಿ ಬೀಳುತ್ತದೆ, ಅಂಚು ಒಳಕ್ಕೆ ಜಗ್ಗುತ್ತದೆ, ನೀರು ಮೇಲೆ ಹತ್ತಿ ಎಲೆ ಮಗುಚುತ್ತದೆ. ಕಾಗೆಯೊಂದು ನೈದಿಲೆ ಎಲೆಯ ಮೇಲಿಳಿದರೆ ಆಗುವುದು ಇದೇ. ಜಕಾನದ ಬೆರಳುಗಳು ಎಲೆಯ ಮೇಲೆ ಕೊಡೆಯ ಕಡ್ಡಿಗಳಂತೆ ನಾಲ್ಕು ದಿಕ್ಕಿಗೆ ಚಾಚಿ, ಮೆತ್ತನೆಯ ಎಲೆಯನ್ನು ಒಂದು ಕ್ಷಣದ ಮಟ್ಟಿಗೆ ತಟ್ಟೆಯನ್ನಾಗಿ ಮಾಡುತ್ತವೆ. ಕಲ್ಲುಗೋಡೆಯ ಮೇಲೆ ತೊಲೆ ಹಾಯಿಸುವ ಕೆಲಸವೇ ಇದು, ಸ್ವಲ್ಪ ಚಿಕ್ಕ ಅಳತೆಯಲ್ಲಿ. ಎಲೆಗಳು ಒತ್ತಾಗಿರುವ ಕಡೆ ಒಂದು ಪಾದ ಏಕಕಾಲಕ್ಕೆ ಎರಡು ಮೂರು ಎಲೆಗಳನ್ನು ಹಿಡಿದುಕೊಳ್ಳುತ್ತದೆ.

ಅಷ್ಟಾದರೂ ಎಲೆ ತಗ್ಗುವುದು ತಪ್ಪುವುದಿಲ್ಲ. ಎಷ್ಟೋ ಸಲ ಪಾದ ಕಣಕಾಲಿನ ತನಕ ನೀರಿನಲ್ಲಿ ಇರುತ್ತದೆ. ನೋಡುವವರಿಗೆ ಹಕ್ಕಿ ಬರಿಯ ನೀರಿನ ಮೇಲೆ ನಿಂತಂತೆ ಕಾಣುವುದು ಆಗಲೇ. ಕಾಲನ್ನು ಎತ್ತರಕ್ಕೆ ಎತ್ತಿ, ಬೆರಳುಗಳನ್ನು ಮಡಚಿ, ಮುಂದಿಟ್ಟು ಮತ್ತೆ ಅರಳಿಸುವ ನಿಧಾನದ ನಡಿಗೆ ಅದರದು. ತೊಡರಿಕೊಳ್ಳದಿರಲು ಬೇರೆ ದಾರಿಯೂ ಇಲ್ಲ. ಎಲೆ ತೀರಾ ದುರ್ಬಲವಾಗಿದ್ದರೆ ನಡಿಗೆ ಓಟವಾಗುತ್ತದೆ, ಓಟಕ್ಕೆ ರೆಕ್ಕೆಬಡಿತವೂ ಸೇರುತ್ತದೆ. ಎಲೆಯೇ ಮುಗಿದರೆ ಈಜಲೂ ಬರುತ್ತದೆ.

ಎಲ್ಲ ಎಲೆಯೂ ಒಂದೇ ಅಲ್ಲ. ತಾವರೆಯ ಮೊದಲ ಎಲೆಗಳು ನೀರಿಗೆ ಅಂಟಿಕೊಂಡು ತೇಲುತ್ತವೆ. ಆಮೇಲೆ ಬರುವವು ದಂಟಿನ ಮೇಲೆ ಕೊಡೆಯಂತೆ ಎದ್ದು ನಿಲ್ಲುತ್ತವೆ, ಅವು ನಡೆಯಲು ಬಾರವು, ನೆರಳಿಗೆ ಬಂದಾವು. ನೈದಿಲೆಯ ಎಲೆ ಕೊನೆಯವರೆಗೂ ನೀರಿನ ಮೇಲೆಯೇ ಮಲಗಿರುತ್ತದೆ. ಅದರ ಒಡಲಲ್ಲಿ ಗಾಳಿಯ ಕೊಳವೆಗಳಿವೆ. ಸಿಂಘಾರಕ್ಕೆ ಎಲೆಯ ತೊಟ್ಟೇ ಊದಿಕೊಂಡು ತೇಲುಬುರುಡೆಯಾಗುತ್ತದೆ. ಅಮೆಜಾನ್‌ನ ಜಕಾನಕ್ಕೆ ಸಿಕ್ಕಿರುವ ವಿಕ್ಟೋರಿಯ ನೈದಿಲೆಯ ಎಲೆಗಳು ಎರಡು ಮೀಟರಿಗೂ ಮಿಕ್ಕಿ ಅಗಲ ಬೆಳೆಯಬಲ್ಲವು. ಅಂಥ ಎಲೆಯ ಮೇಲೆ ಅಷ್ಟುದ್ದ ಬೆರಳು ಬೇಕೇ ಇರಲಿಲ್ಲ.

ಎಲೆ ನೆಲವಷ್ಟೇ ಅಲ್ಲ, ಉಗ್ರಾಣವೂ ಹೌದು. ನೀರಿನ ಹುಳುಗಳು, ಬಸವನಹುಳುಗಳು, ಅವುಗಳ ಮೊಟ್ಟೆಗಳು ಎಲೆಯ ಅಡಿಭಾಗಕ್ಕೆ ಅಂಟಿಕೊಂಡಿರುತ್ತವೆ. ಜಕಾನ ಎಲೆಯ ಅಂಚನ್ನು ಕೊಕ್ಕಿನಿಂದ ಹಿಡಿದೆತ್ತಿ, ಮಗುಚಿ, ಒಂದೊಂದನ್ನೇ ಆರಿಸಿಕೊಳ್ಳುತ್ತದೆ. ನೀರಗಿಡಗಳ ಬೀಜ, ಎಳೆಯ ಬೇರುಗಳನ್ನೂ ತಿನ್ನುವುದುಂಟು. ಆಫ್ರಿಕದಲ್ಲಿ ನೀರಾನೆಯ ಬೆನ್ನನ್ನೇ ತೇಲುವ ಎಲೆಯೆಂದು ಭಾವಿಸಿ ಅದರ ಮೇಲೆ ಸವಾರಿ ಮಾಡುತ್ತ ಹುಳು ಹಿಡಿಯುತ್ತದೆ.

ಕರ್ನಾಟಕದಲ್ಲಿ ಕಾಣುವ ಎರಡು ಜಕಾನಗಳನ್ನು ಒಮ್ಮೆ ಕಂಡವರು ಮತ್ತೆ ಒಂದನ್ನು ಇನ್ನೊಂದೆಂದು ತಪ್ಪು ತಿಳಿಯಲಾರರು. ಕಂಚುರೆಕ್ಕೆಯ ದೇವನಕ್ಕಿಗೆ ತಲೆ, ಕತ್ತು, ಎದೆ ಹಸಿರು ನೇರಳೆ ಹೊಳಪಿನ ಕಪ್ಪು, ಬೆನ್ನು ಮತ್ತು ರೆಕ್ಕೆ ತಿಕ್ಕದೆ ಇಟ್ಟ ಕಂಚಿನ ಪಾತ್ರೆಯ ಬಣ್ಣ, ಕಣ್ಣಿನ ಮೇಲಿನಿಂದ ಹಿಂದಕ್ಕೆ ಸುಣ್ಣದಲ್ಲಿ ಎಳೆದಂಥ ದಪ್ಪ ಬಿಳಿ ಹುಬ್ಬು, ಇಟ್ಟಿಗೆಗೆಂಪಿನ ಮೋಟುಬಾಲ. ವರ್ಷಪೂರ್ತಿ ಅದೇ ವೇಷ, ಅದೇ ಊರು. ಭಾರತದಿಂದ ಆಗ್ನೇಯ ಏಷ್ಯಾದ ತನಕ ಹಬ್ಬಿರುವ ಇದು ಶ್ರೀಲಂಕಾದಲ್ಲಿ ಮಾತ್ರ ಇಲ್ಲ. ಪಾಕ್ ಜಲಸಂಧಿಯಂಥ ಕಿರಿದಾದ ನೀರೂ ಇದಕ್ಕೆ ಗಡಿಯಾಯಿತೆಂದರೆ ಹಾರಾಟದಲ್ಲಿ ಇದರ ಉತ್ಸಾಹ ಎಷ್ಟೆಂದು ಊಹಿಸಬಹುದು.

ಉದ್ದಬಾಲದ ದೇವನಕ್ಕಿ ವೇಷ ಬದಲಿಸುವ ಹಕ್ಕಿ. ಚಳಿಗಾಲದಲ್ಲಿ ಬೆನ್ನು ಕಂದು, ಹೊಟ್ಟೆ ಬಿಳಿ, ಕತ್ತಿನ ಪಕ್ಕದಿಂದ ಎದೆಗಿಳಿಯುವ ಒಂದು ಕಪ್ಪು ಗೆರೆ, ಸಾಧಾರಣ ಬಾಲ. ಯಾರೂ ಎರಡನೆಯ ಸಲ ತಿರುಗಿ ನೋಡುವಂಥದ್ದಲ್ಲ. ಮುಂಗಾರು ಹತ್ತಿರವಾದಂತೆ ಮೈ ಚಾಕಲೇಟು ಕಂದಾಗುತ್ತದೆ, ಮುಖ ಮತ್ತು ಕತ್ತಿನ ಮುಂಭಾಗ ಅಚ್ಚ ಬಿಳಿಯಾಗುತ್ತದೆ, ಕತ್ತಿನ ಹಿಂದೆ ರೇಷ್ಮೆಯಂಥ ಹೊಂಬಣ್ಣ ಮೂಡಿ ಅದರ ಸುತ್ತ ಕಾಡಿಗೆ ತೀಡಿದಂತೆ ಕಪ್ಪಂಚು ಬರುತ್ತದೆ. ಬಾಲದ ಗರಿಗಳು ಕುಡುಗೋಲಿನಂತೆ ಬಾಗಿ ಉದ್ದಕ್ಕೆ ಬೆಳೆಯುತ್ತವೆ. 31 ಸೆಂಟಿಮೀಟರ್‌ನಷ್ಟಿದ್ದ ಹಕ್ಕಿ ಬಾಲ ಸೇರಿ 58 ಸೆಂಟಿಮೀಟರ್ ತಲುಪಬಲ್ಲದು. ಹಾರಿದಾಗ ಬಿಳಿಯ ರೆಕ್ಕೆಗಳು ಮಿಂಚುತ್ತವೆ. ಬೆಕ್ಕಿನ ಮರಿ ಮಿಯಾಂವ್ ಎಂದಂಥ ಕೂಗು. ಎಂಟು ಪ್ರಭೇದಗಳಲ್ಲಿ ಉದ್ದ ಬಾಲ ಬಿಡುವುದು, ಋತುವಿಗೆ ತಕ್ಕ ವೇಷ ತೊಡುವುದು, ದೂರದ ವಲಸೆ ಹೋಗುವುದು, ಈ ಮೂರೂ ಇದೊಂದಕ್ಕೇ ಮೀಸಲು. ಕಾಶ್ಮೀರದ ಸರೋವರಗಳಲ್ಲಿ ಬೇಸಿಗೆಯಲ್ಲಿ ಸಂಸಾರ ಹೂಡುವ ಹಕ್ಕಿಗಳು ಚಳಿಗೆ ಮುಂಚೆ ತೆಂಕಣಕ್ಕೆ ಇಳಿಯುತ್ತವೆ. ದಕ್ಷಿಣದ ಕೆರೆಗಳಲ್ಲಿ ಮಳೆಗಾಲಕ್ಕೆ ಇಲ್ಲಿಯೇ ಮರಿ ಮಾಡುವ ಹಕ್ಕಿಗಳೂ ಇವೆ.

ಇದರ ವೈಜ್ಞಾನಿಕ ಹೆಸರಿನಲ್ಲಿರುವ ‘ಕೈರರ್ಗಸ್’ ಎಂದರೆ ಶಸ್ತ್ರವೈದ್ಯ. ಫ್ರೆಂಚ್ ಪ್ರವಾಸಿ ಪಿಯರ್ ಸೊನೆರಾ ಫಿಲಿಪ್ಪೀನ್ಸ್‌ನ ಲುಝೋನ್ ದ್ವೀಪದಲ್ಲಿ ಕಂಡ ಹಕ್ಕಿಯನ್ನು ಲುಝೋನಿನ ಶಸ್ತ್ರವೈದ್ಯ ಎಂದು ಬಣ್ಣಿಸಿದ್ದ. ಅದನ್ನೇ ಹಿಡಿದು 1786ರಲ್ಲಿ ಸ್ಕೊಪೊಲಿ ಲ್ಯಾಟಿನ್ ಹೆಸರಿಟ್ಟ. ರೆಕ್ಕೆಯ ಮಣಿಕಟ್ಟಿನಲ್ಲಿರುವ ಚೂಪು ಮುಳ್ಳು ಆ ಕಾಲದ ವೈದ್ಯರು ರಕ್ತ ತೆಗೆಯಲು ಬಳಸುತ್ತಿದ್ದ ಸಣ್ಣ ಚೂರಿಯನ್ನು ನೆನಪಿಸಿದ್ದೇ ಕಾರಣ. ಅಮೆರಿಕದ ಎರಡು ಪ್ರಭೇದಗಳಿಗೂ ಇಂಥ ಮುಳ್ಳಿದೆ, ಹಳದಿ ಬಣ್ಣದ್ದು. ಕಂಚುರೆಕ್ಕೆಯದಕ್ಕೂ ಆಫ್ರಿಕದ್ದಕ್ಕೂ ಅಂಥ ಮುಳ್ಳಿಲ್ಲ. ಬದಲಿಗೆ ಮುಂದೋಳಿನ ಮೂಳೆಯೇ ಚಪ್ಪಟೆಯಾಗಿ ಅಲಗಿನಂತಾಗಿದೆ. ಈ ಆಯುಧಗಳು ಬಳಕೆಯಾಗುವುದು ಜಾಗಕ್ಕಾಗಿ ನಡೆಯುವ ಜಗಳಗಳಲ್ಲಿ. ಆ ಜಗಳಗಳಲ್ಲಿ ಮುಂದೆ ನಿಲ್ಲುವುದು ಹೆಣ್ಣು.

ಜಕಾನದ ಸಂಸಾರದಲ್ಲಿ ಹೆಣ್ಣೇ ದೊಡ್ಡದು, ಹೆಣ್ಣೇ ಜಗಳಗಂಟಿ. ಆಫ್ರಿಕದ ಜಕಾನದಲ್ಲಿ ಗಂಡು ಸರಾಸರಿ 140 ಗ್ರಾಂ ತೂಗಿದರೆ ಹೆಣ್ಣು 260 ಗ್ರಾಂ ಹತ್ತಿರ, ಹೆಚ್ಚು ಕಡಿಮೆ ಎರಡರಷ್ಟು. ಹೆಣ್ಣು ಒಂದು ವಿಸ್ತಾರವಾದ ಎಲೆಗಾವಲನ್ನು ತನ್ನದೆಂದು ಹಿಡಿದಿಟ್ಟುಕೊಂಡು ಬೇರೆ ಹೆಣ್ಣುಗಳನ್ನು ಓಡಿಸುತ್ತದೆ. ಅದರೊಳಗೆ ಒಂದೊಂದು ಗಂಡು ತನ್ನದೊಂದು ಸಣ್ಣ ತುಂಡು ಇಟ್ಟುಕೊಂಡಿರುತ್ತದೆ. ಹೆಣ್ಣು ಒಂದು ಗಂಡಿನೊಡನೆ ಕೂಡಿ ನಾಲ್ಕು ಮೊಟ್ಟೆಯಿಟ್ಟು ಇನ್ನೊಂದರ ಕಡೆಗೆ ನಡೆಯುತ್ತದೆ. ಕಾವು, ಮರಿಗಳ ಆರೈಕೆ ಎಲ್ಲ ಗಂಡಿನ ಪಾಲು. ದ್ರೌಪದಿಯ ಹೋಲಿಕೆ ಥಟ್ಟನೆ ಹೊಳೆಯುತ್ತದೆ, ಆದರೆ ಹೊಂದುವುದಿಲ್ಲ. ಪಾಂಡವರದು ಒಂದೇ ಮನೆ, ಇಲ್ಲಿ ಗಂಡುಗಳು ಪರಸ್ಪರ ಹಗೆಗಳು. ಒಬ್ಬನ ಎಲೆಗೆ ಇನ್ನೊಬ್ಬ ಕಾಲಿಟ್ಟರೆ ಹೊಡೆದಾಟ, ಅದನ್ನು ಬಿಡಿಸಲು ಬರುವವಳೂ ಹೆಣ್ಣೇ.

ಉದ್ದಬಾಲದ ಜಕಾನದ ಹೆಣ್ಣು ಗಂಡುಗಳನ್ನು ಒಬ್ಬರಾದ ಮೇಲೆ ಒಬ್ಬರಂತೆ ಆರಿಸಿಕೊಳ್ಳುತ್ತ ಒಂದು ಋತುವಿನಲ್ಲಿ ಹತ್ತರ ತನಕ ಸೂಲು ಮೊಟ್ಟೆ ಇಡಬಲ್ಲದು. ಕಂಚುರೆಕ್ಕೆಯದು ಏಕಕಾಲಕ್ಕೆ ನಾಲ್ಕು ಗಂಡುಗಳ ತನಕ ಸಂಸಾರ ನಡೆಸುತ್ತದೆ. ಈ ಸಂಸಾರದ ಒಳಗುಟ್ಟು ಹೊರಬಿದ್ದದ್ದು ಕನ್ಯಾಕುಮಾರಿ ಜಿಲ್ಲೆಯ ವೆಂಬನೂರು ಕೆರೆಯಲ್ಲಿ. 1990ರ ದಶಕದಲ್ಲಿ ಸ್ಟುವರ್ಟ್ ಬುಚಾರ್ಟ್ ಮತ್ತು ಸಂಗಡಿಗರು ಅಲ್ಲಿನ ಹಕ್ಕಿಗಳನ್ನು ಗುರುತು ಹಚ್ಚಿ ಗಮನಿಸಿದರು. ಗಂಡುಗಳು ಆಗಾಗ ಕರ್ಕಶವಾಗಿ ಅರಚುವುದು ಏತಕ್ಕೆ ಎಂಬುದು ಅವರ ಪ್ರಶ್ನೆಗಳಲ್ಲೊಂದು. ಅದು ಹೆಣ್ಣನ್ನು ತನ್ನ ಕಡೆಗೆ ಎಳೆದುಕೊಳ್ಳುವ ಕೂಗು ಎಂಬುದು ಸಿಕ್ಕ ಉತ್ತರ. ಹೆಣ್ಣು ದೂರದಲ್ಲಿದ್ದರೆ ಕೂಗು ಹೆಚ್ಚು, ಸವತರು ಜಾಸ್ತಿಯಿದ್ದರೆ ಕೂಗು ಇನ್ನೂ ಹೆಚ್ಚು. ಸವತಿ ಎಂಬ ಪದಕ್ಕೆ ಪುಲ್ಲಿಂಗ ರೂಪ ಕನ್ನಡಕ್ಕೆ ಬೇಕಾಗಿರಲಿಲ್ಲ. ಜಕಾನದ ಬಗ್ಗೆ ಬರೆಯುವಾಗ ಬೇಕಾಗುತ್ತದೆ.

ಪನಾಮಾದ ಚಾಗ್ರೆಸ್ ನದಿಯ ಜಕಾನಗಳ ಮೇಲೆ ಸ್ಟೀಫನ್ ಎಮ್ಲೆನ್ ಮತ್ತು ಜೊತೆಗಾರರು ನಡೆಸಿದ ಅಧ್ಯಯನಗಳು ಇನ್ನೂ ಕಠೋರವಾದ ಚಿತ್ರ ಕೊಡುತ್ತವೆ. 1989ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮರಿಗಳಿರುವ ಜಾಗಗಳಿಂದ ಒಡತಿ ಹೆಣ್ಣನ್ನು ತೆಗೆದುಹಾಕಲಾಯಿತು. ಖಾಲಿಯಾದ ಜಾಗಕ್ಕೆ ಬಂದ ಹೊಸ ಹೆಣ್ಣು ಮಾಡಿದ ಮೊದಲ ಕೆಲಸ, ಹಿಂದಿನವಳ ಮರಿಗಳನ್ನು ಕುಕ್ಕಿ ಕೊಲ್ಲುವುದು. ತಂದೆ ಅಡ್ಡ ನಿಂತರೂ ಮೈಗಾತ್ರದಲ್ಲಿ ಸೋಲುತ್ತಾನೆ. ಮರಿ ಸತ್ತ ಮೇಲೆ ಅವನಿಗೆ ಹೊಸ ಕಾವಿಗೆ ಬಿಡುವು, ಅವಳ ಮೊಟ್ಟೆಗೆ ಜಾಗ. ಸಿಂಹಗಳಲ್ಲಿ, ಮುಸುವಗಳಲ್ಲಿ ಹೊಸ ಗಂಡು ಬಂದು ಮಾಡುವುದನ್ನು ಇಲ್ಲಿ ಹೊಸ ಹೆಣ್ಣು ಮಾಡುತ್ತದೆ. 1998ರಲ್ಲಿ ಅದೇ ತಂಡ ಡಿಎನ್‌ಎ ಪರೀಕ್ಷೆಯ ಮೂಲಕ ಇನ್ನೊಂದು ಸಂಗತಿ ತೋರಿಸಿತು: ಹಲವು ಗಂಡುಗಳಿರುವ ಹೆಣ್ಣಿನ ಗೂಡುಗಳಲ್ಲಿ, ಗಂಡು ಬೆವರು ಸುರಿಸಿ ಸಾಕುವ ಮರಿಗಳಲ್ಲಿ ಕೆಲವು ಅದರದಾಗಿರುವುದಿಲ್ಲ.

ಇದೆಲ್ಲ ಏಕೆ ಹೀಗೆ ತಿರುಗಿತು? ಒಂದೇ ಸಾಲಿನ ಉತ್ತರ ಯಾರಲ್ಲಿಯೂ ಇಲ್ಲವಾದರೂ ಎಲೆಯ ನೆಲವನ್ನು ಬಿಟ್ಟು ಉತ್ತರ ಹುಡುಕಲಾಗದು. ತೇಲುವ ಗೂಡು ಎಂದರೆ ಕ್ಷಣಭಂಗುರ: ನೀರು ಏರಿದರೆ ಮುಳುಗಿತು, ಅಲೆ ಎದ್ದರೆ ಚದುರಿತು, ಹಾವು ಬಂದರೆ, ಜಂಬುಕೋಳಿ ಬಂದರೆ ಮೊಟ್ಟೆ ಹೋಯಿತು. ಹೀಗೆ ಪದೇ ಪದೇ ಕಳೆದುಕೊಳ್ಳುವ ಕಡೆ, ಕಳೆದುಹೋದ ಸೂಲನ್ನು ಕೆಲವೇ ದಿನಗಳಲ್ಲಿ ಮತ್ತೆ ತುಂಬಿಕೊಡುವ ಹೆಣ್ಣಿಗೆ ಬೆಲೆ. ಕಾವು ಕೂರುವ ಕೆಲಸದಿಂದ ಬಿಡುಗಡೆ ಸಿಕ್ಕರೆ ಮಾತ್ರ ಅದು ಸಾಧ್ಯ. ಮೊಟ್ಟೆ ಚಿಕ್ಕದು, ಕೆರೆಯಲ್ಲಿ ಮೇವು ಧಾರಾಳ. ಮರಿಯೂ ಹುಟ್ಟಿದ ದಿನವೇ ಎದ್ದು ನಡೆದು ತಾನೇ ಹುಳು ಹೆಕ್ಕುತ್ತದೆ, ಆದ್ದರಿಂದ ಕಾಯಲು ಒಬ್ಬರು ಸಾಕು. ಇಷ್ಟೆಲ್ಲ ಗಂಡಸುತನ ತೋರುವ ಹೆಣ್ಣಿನ ರಕ್ತದಲ್ಲಿ ಟೆಸ್ಟೊಸ್ಟೆರೋನ್ ತುಂಬಿ ತುಳುಕುತ್ತಿರಬೇಕು ಎಂಬ ಊಹೆಯನ್ನು ಮಧ್ಯ ಅಮೆರಿಕದ ಜಕಾನದಲ್ಲಿ ಪರೀಕ್ಷಿಸಲಾಗಿದೆ. ಪ್ರಣಯದಲ್ಲಿ ತೊಡಗಿದ ಗಂಡಿಗಿಂತ ಹೆಣ್ಣಿನಲ್ಲಿ ಅದು ಕಡಿಮೆಯೇ ಇತ್ತು. ಆಫ್ರಿಕದ ಕಿರುಜಕಾನ ಈ ಇಡೀ ಕಥೆಗೆ ಅಪವಾದ. ಎಂಟರಲ್ಲಿ ಅತಿ ಚಿಕ್ಕದಾದ, 16 ಸೆಂಟಿಮೀಟರ್ ಉದ್ದದ ಈ ಹಕ್ಕಿಯಲ್ಲಿ ಒಂದು ಗಂಡು, ಒಂದು ಹೆಣ್ಣು, ಇಬ್ಬರೂ ಸೇರಿ ಕಾವು ಕೂರುತ್ತಾರೆ. ಗಾತ್ರದಲ್ಲೂ ಹೆಚ್ಚು ಅಂತರವಿಲ್ಲ.

ಗೂಡು ಎಂಬುದು ಗೌರವಕ್ಕೆ ಹೇಳುವ ಮಾತು. ನಾಲ್ಕು ಹಸಿ ದಂಟು, ಒಂದಿಷ್ಟು ಕೊಳೆತ ಎಲೆ, ಮಧ್ಯದಲ್ಲಿ ತಗ್ಗು. ಕೆಲವೊಮ್ಮೆ ಅದೂ ಇಲ್ಲದೆ ಬರೀ ಎಲೆಯ ಮೇಲೆ ಮೊಟ್ಟೆ. ಅಡಿ ಯಾವಾಗಲೂ ತೇವ. ಮೊಟ್ಟೆಗಳು ಮಾತ್ರ ನೋಡಲು ಚೆಂದ. ಉದ್ದಬಾಲದ್ದರ ಮೊಟ್ಟೆ ಮೆರುಗೆಣ್ಣೆ ಹಚ್ಚಿದಂತೆ ಹೊಳೆಯುವ ಹಸಿರುಮಿಶ್ರಿತ ಕಂದು, ಕಂಚುರೆಕ್ಕೆಯದು ಕಂದು ಚಿಪ್ಪಿನ ಮೇಲೆ ಮಗು ಕಪ್ಪು ಶಾಯಿಯಲ್ಲಿ ಗೀಚಿದಂಥ ಗೋಜಲು ಗೆರೆಗಳದು. ಎರಡೂ ಒಂದು ತುದಿಗೆ ಚೂಪಾಗಿದ್ದು, ಚೂಪು ತುದಿಗಳನ್ನು ಒಳಮುಖ ಮಾಡಿ ನಾಲ್ಕನ್ನೂ ಒತ್ತಾಗಿ ಜೋಡಿಸಬಹುದು. ಆಫ್ರಿಕದ ಜಕಾನದ ಗಂಡು ಕಾವು ಕೂರುವಾಗ ರೆಕ್ಕೆಗಳನ್ನು ಮೊಟ್ಟೆಗಳ ಅಡಿಗೆ ತೂರಿಸಿ ಅವನ್ನು ಮೈಗೆ ಒತ್ತಿಕೊಂಡು ಹಸಿ ಗೂಡಿನಿಂದ ಮೇಲೆತ್ತಿ ಹಿಡಿಯುತ್ತದೆ. ಹಿಂದೆ ಹೇಳಿದ ಮುಂದೋಳಿನ ಚಪ್ಪಟೆ ಮೂಳೆಗೆ ಆಯುಧದ ಕೆಲಸಕ್ಕಿಂತ ಈ ತೊಟ್ಟಿಲಿನ ಕೆಲಸವೇ ಹೆಚ್ಚು ಹೊಂದುವಂತೆ ತೋರುತ್ತದೆ.

ಉದ್ದಬಾಲದ್ದರಲ್ಲಿ ಕಾವಿನ ಅವಧಿ 26ರಿಂದ 28 ದಿನ. ಅಷ್ಟರಲ್ಲಿ ಗೂಡು ಮುಳುಗುವ ಹಾಗಾದರೆ ಗಂಡು ಮೊಟ್ಟೆಗಳನ್ನೇ ಸ್ಥಳಾಂತರಿಸುತ್ತದೆ. ಮೊಟ್ಟೆಯನ್ನು ಕೊಕ್ಕಿಗೂ ಎದೆಗೂ ನಡುವೆ ಹಿಡಿದು ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ ಎಳೆದುಕೊಂಡು ಹೋಗುತ್ತದೆ. ನಡುವೆ ನೀರು ಬಂದರೆ ತೇಲಿಸಿಕೊಂಡು ಸಾಗಿಸುತ್ತದೆ. ಒಂದನ್ನು ಇಟ್ಟು ಇನ್ನೊಂದಕ್ಕೆ ವಾಪಸು. ನಾಲ್ಕು ಮೊಟ್ಟೆಗೆ ನಾಲ್ಕು ಸಲ.

ಮರಿ ಚಿಪ್ಪೊಡೆದು ಬರುವಾಗಲೇ ಬೆರಳುಗಳು ಮೈಗೆ ಮೀರಿದ ಉದ್ದ. ಗಂಡಿನ ಕಾವಲಿನಲ್ಲಿ ಮರಿಗಳು ಎಲೆಯಿಂದ ಎಲೆಗೆ ಓಡಾಡುತ್ತವೆ. ಗಿಡುಗನ ನೆರಳು ಬಿದ್ದರೆ ಆಫ್ರಿಕದ ಮತ್ತು ಕಂಚುರೆಕ್ಕೆಯ ಗಂಡು ತಗ್ಗಿ ರೆಕ್ಕೆಯನ್ನು ಸ್ವಲ್ಪ ತೆರೆಯುತ್ತದೆ, ಮರಿಗಳು ಅದರಡಿಗೆ ನುಗ್ಗುತ್ತವೆ, ಅವನ್ನು ಕಂಕುಳಲ್ಲಿ ಇರುಕಿಕೊಂಡು ಗಂಡು ಎದ್ದು ನಡೆಯುತ್ತದೆ. ಆಗ ಹಕ್ಕಿಯ ಎರಡು ಪಕ್ಕಗಳಿಂದ ಇಳಿಬಿದ್ದ ಹತ್ತು ಕಾಲುಗಳು ಕಾಣುತ್ತವೆ, ಎರಡು ಅದರವು, ಎಂಟು ಮರಿಗಳವು. ಸಮಯವಿಲ್ಲದಿದ್ದರೆ ಮರಿಗಳಿಗೆ ಇನ್ನೊಂದು ಉಪಾಯ ಗೊತ್ತು. ಎಲೆಯ ಅಂಚಿನಲ್ಲಿ ನೀರಿಗೆ ಮುಳುಗಿ ಕೊಕ್ಕಿನ ತುದಿಯನ್ನಷ್ಟೇ ಹೊರಗಿಟ್ಟು ಅಲುಗಾಡದೆ ಇರುವುದು. ದೊಡ್ಡವೂ ಹೀಗೆ ಮಾಡುತ್ತವೆ; ಆಫ್ರಿಕದ ಜಕಾನ ಹಾರುಗರಿಗಳನ್ನು ಒಂದೇ ಸಲಕ್ಕೆ ಉದುರಿಸಿಕೊಂಡು ಕೆಲಕಾಲ ಹಾರಲಾರದೆ ಇರುವಾಗ ಮುಳುಗುವುದೊಂದೇ ಅದಕ್ಕಿರುವ ರಕ್ಷಣೆ.

ಎಲೆಯನ್ನು ನಂಬಿದ ಹಕ್ಕಿಯ ಏಳುಬೀಳು ಎಲೆಯ ಜೊತೆಗೇ. ಮೈಸೂರಿನ ಕುಕ್ಕರಹಳ್ಳಿ ಕೆರೆ, ಬೆಂಗಳೂರಿನ ಹೊರವಲಯದ ಹೊಸಕೋಟೆ ಕೆರೆಗಳಂಥ ಜಾಗಗಳಲ್ಲಿ ದೇವನಕ್ಕಿ ಕಾಣುವುದು ಅಲ್ಲಿ ನೀರಿರುವುದಕ್ಕಷ್ಟೇ ಅಲ್ಲ, ನೀರಿನ ಮೇಲೆ ಹಾಸು ಇರುವುದಕ್ಕೆ. ದಡವನ್ನೆಲ್ಲ ಆಳಕ್ಕೆ ಅಗೆದು, ಸುತ್ತ ಕಲ್ಲು ಕಟ್ಟಿ, ತಾವರೆ ನೈದಿಲೆಗಳನ್ನು ಕಳೆಯೆಂದು ಕಿತ್ತು ಬೋಗುಣಿಯಂತೆ ಮಾಡಿದ ಕೆರೆಯಲ್ಲಿ ನೀರು ಎಷ್ಟು ತಿಳಿಯಾಗಿದ್ದರೂ ಇದಕ್ಕೆ ಕಾಲಿಡಲು ಜಾಗವಿಲ್ಲ. ಕೆರೆಯ ಸ್ವಚ್ಛತೆ ಎಂದರೆ ಬೋಳು ನೀರು ಎಂಬ ತಿಳಿವಳಿಕೆ ನಗರಗಳಲ್ಲಿ ಎಷ್ಟು ಬೇರೂರಿದೆಯೆಂದರೆ ಗೂಡಿನ ಕಾಲವಾದ ಮಳೆಗಾಲದಲ್ಲೇ ಕಳೆ ಕೀಳುವ ಯಂತ್ರ ಇಳಿಯುವುದುಂಟು. ಹೊರನಾಡಿನಿಂದ ಬಂದ ವಾಟರ್ ಹಯಸಿಂತ್ ಇಲ್ಲಿ ಇಕ್ಕಟ್ಟಿನ ಪ್ರಶ್ನೆ. ಜಕಾನ ಅದರ ಮೇಲೂ ನಡೆಯುತ್ತದೆ, ಕಂಚುರೆಕ್ಕೆಯದು ಅದರಲ್ಲಿ ಗೂಡನ್ನೂ ಮಾಡುತ್ತದೆ. ಆದರೆ ಅದು ಕೆರೆಯನ್ನು ಪೂರ್ತಿ ಮುಚ್ಚಿದರೆ ನೈದಿಲೆ ಬದುಕದು, ನೀರಿನೊಳಗೆ ಉಸಿರು ಕಟ್ಟುತ್ತದೆ, ಹುಳುಹುಪ್ಪಟೆಯೂ ಕಡಿಮೆಯಾಗುತ್ತದೆ.

ಕಂಚುರೆಕ್ಕೆ, ಉದ್ದಬಾಲ ಎರಡೂ ಒಟ್ಟಾರೆಯಾಗಿ ಅಳಿವಿನಂಚಿನ ಹಕ್ಕಿಗಳಲ್ಲ. ಮಡಗಾಸ್ಕರ್‌ನ ಜಕಾನದ ಸ್ಥಿತಿ ಹಾಗಿಲ್ಲ. ಅಲ್ಲಿಯ ಜವುಗುಗಳು ಭತ್ತದ ಗದ್ದೆಗಳಾಗುತ್ತ ಬಂದಂತೆ ಅದರ ಸಂಖ್ಯೆ ಕುಸಿದಿದೆ. ಉದ್ದಬಾಲದ್ದು ತೀರಾ ಇಕ್ಕಟ್ಟಿಗೆ ಸಿಕ್ಕಿದ್ದು ತೈವಾನಿನಲ್ಲಿ. ಅಲ್ಲಿ ಅದನ್ನು ಸಿಂಘಾರದ ಹಕ್ಕಿ ಎಂದೂ, ಅಲೆಗಳ ಮೇಲೆ ನಡೆಯುವ ಅಪ್ಸರೆ ಎಂದೂ ಕರೆಯುತ್ತಾರೆ. 1990ರ ದಶಕದ ಕೊನೆಗೆ ದ್ವೀಪದಲ್ಲಿ ಐವತ್ತರಷ್ಟು ಹಕ್ಕಿಗಳೂ ಉಳಿದಿರಲಿಲ್ಲ. ಉಳಿದವು ಮರಿ ಮಾಡುತ್ತಿದ್ದ ತೈನಾನ್ ಪ್ರದೇಶದ ಗ್ವಾನ್‌ತ್ಯೆನ್‌ನ ಕೆರೆಯ ಮೇಲೆಯೇ ಅತಿವೇಗದ ರೈಲುಮಾರ್ಗ ಹಾಯುವುದೆಂದು ಗೊತ್ತಾದಾಗ ಪಕ್ಷಿಪ್ರಿಯರು ಎದ್ದು ನಿಂತರು. ರೈಲು ನಿಲ್ಲಲಿಲ್ಲ, 2007ರಲ್ಲಿ ಓಡಿತು. ಆದರೆ ಅನುಮತಿಯ ಷರತ್ತಾಗಿ ಹತ್ತಿರದಲ್ಲೇ 15 ಹೆಕ್ಟೇರ್ ಕಬ್ಬಿನ ಜಮೀನನ್ನು ಪಡೆದು, ಹೊಂಡ ತೋಡಿ, ನೈದಿಲೆ ಬೆಳೆಸಿ 2000ದಿಂದ ಜಕಾನಕ್ಕೆಂದೇ ಒಂದು ಜವುಗನ್ನು ಕಟ್ಟಲಾಯಿತು. ಹಕ್ಕಿಗಳು ಬಂದವು, ಮರಿ ಮಾಡಿದವು.

ಆದರೆ ಚಳಿಗಾಲದಲ್ಲಿ ಅವು ಮೇಯುತ್ತಿದ್ದುದು ಸುತ್ತಲಿನ ರೈತರ ಹೊಲಗಳಲ್ಲಿ. ಇಲಿ, ಹಕ್ಕಿಗಳಿಂದ ಬಿತ್ತನೆ ಉಳಿಸಿಕೊಳ್ಳಲು ವಿಷ ಲೇಪಿಸಿ ಎರಚಿದ ಭತ್ತದ ಬೀಜ ತಿಂದು 2009ರ ಸುಮಾರಿಗೆ ಹತ್ತಾರು ಜಕಾನಗಳು ಒಮ್ಮೆಗೇ ಸತ್ತವು. ಅದಾದ ಮೇಲೆ ವಿಷ ಬಳಸದೆ ಬೆಳೆದ ಸಿಂಘಾರ, ಭತ್ತಗಳಿಗೆ ಹಸಿರು ಗುರುತು ನೀಡಿ, ಹೆಚ್ಚಿನ ಬೆಲೆಗೆ ಮಾರುವ ವ್ಯವಸ್ಥೆ ರೂಪುಗೊಂಡಿತು; ಹೊಲದಲ್ಲಿ ಗೂಡು ಕಂಡರೆ ಮೊಟ್ಟೆಯೊಡೆದು ಮರಿ ದೊಡ್ಡದಾಗುವ ತನಕ ಅತ್ತ ಹಾಯದಿರುವ ರೈತರಿಗೆ ಪ್ರೋತ್ಸಾಹಧನ ದೊರೆಯತೊಡಗಿತು. ಈಗ ಅಲ್ಲಿಯ ಗಣತಿಗಳಲ್ಲಿ ಹಕ್ಕಿಗಳ ಸಂಖ್ಯೆ ಸಾವಿರ ದಾಟುತ್ತದೆ. ಅವುಗಳಲ್ಲಿ ಹಲವು ಗೂಡು ಮಾಡುವುದು ಸರ್ಕಾರದ ಜವುಗಿನ ಹೊರಗೆ, ಸೊಂಟಮಟ್ಟದ ನೀರಿನಲ್ಲಿ ನಿಂತು ರೈತರು ಕಾಯಿ ಕೀಳುವ ಸಿಂಘಾರದ ಹೊಂಡಗಳಲ್ಲಿ.